ದಾಸೋಹಿ ಗುಬ್ಬಿ ತೋಟದಪ್ಪನವರು



ರಾಯಕೋಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವ ನಮ್ಮ ರೈತರೂ ವ್ಯಾಪಾರಿಗಳೂ ಸಿಟಿ ನಿಲ್ದಾಣದ ಹತ್ತಿರವಿರುವ ತೋಟದಪ್ಪನವರ ಛತ್ರದ ಹೆಸರು ಕೇಳಿಯೇ ಇರುತ್ತೀರಿ. ಆದರೆ ಆ ಪುಣ್ಯಜೀವಿಯ ಚರಿತ್ರೆ ತಿಳಿದವರು ಕಡಿಮೆ.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಲಿಂಗಾಯತ ಮನೆತನದಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲೇ ಕುಟುಂಬದವರೊಂದಿಗೆ ಬೆಂಗಳೂರಿಗೆ ಬಂದು, ಮಾಮೂಲ್ ಪೇಟೆಯಲ್ಲಿ ವ್ಯಾಪಾರಕ್ಕೆ ನಿಂತರು. ಕಾಯಕ ಕೈ ಹಿಡಿಯಿತು, ಸಂಪತ್ತು ಕೂಡಿತು. ಆದರೆ ಮಕ್ಕಳಾಗಲಿಲ್ಲ. ಗಳಿಸಿದ್ದೆಲ್ಲ ಯಾರಿಗೆ ಎಂಬುದು ಅಂಥ ಮನೆಯಲ್ಲಿ ಏಳುವ ಪ್ರಶ್ನೆ. ತೋಟದಪ್ಪನವರು ದಾಸೋಹದಲ್ಲಿ ಅದಕ್ಕೆ ಉತ್ತರ ಕಂಡುಕೊಂಡರು.

ಪರಸ್ಥಳದಿಂದ ಬಂದಿಳಿಯುವವರಿಗೆ ತಂಗಲು ನೆಲೆ ಬೇಕೆಂದು 1897ರಲ್ಲಿ ರೈಲು ನಿಲ್ದಾಣದ ಬಳಿ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರ ಫೆಬ್ರವರಿ 11ರಂದು ಅದರ ಪ್ರಾರಂಭೋತ್ಸವ ನಡೆಯಿತು. ಯಾತ್ರಿಕರಿಗೆ ಅಲ್ಲಿ ಇಂಬು ದೊರೆಯಿತು. ಹಳ್ಳಿಗಳಿಂದ ಓದಲು ಬರುವ ಬಡ ಹುಡುಗರಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನೂ ತೆರೆದರು. ಸ್ವಂತ ಮಕ್ಕಳಿಲ್ಲದವರು ನೂರಾರು ಮಕ್ಕಳಿಗೆ ತಂದೆಯಾದರು. ಈ ಸೇವೆಯನ್ನು ಮೆಚ್ಚಿ ನಾಲ್ವಡಿ ಕೃಷ್ಣರಾಜ ಒಡೆಯರು 1905ರಲ್ಲಿ ಧರ್ಮಪ್ರವರ್ತ ಎಂಬ ಬಿರುದನ್ನಿತ್ತು ಗೌರವಿಸಿದರು.

ಇಷ್ಟೇ ಆಗಿದ್ದರೆ ಅವರ ಧರ್ಮ ಅವರೊಂದಿಗೇ ಮುಗಿಯಬಹುದಿತ್ತು. ದಾನಿ ತೀರಿಕೊಂಡ ಮೇಲೆ ಛತ್ರ ಹಾಳುಬಿದ್ದು, ಆಸ್ತಿ ವ್ಯಾಜ್ಯಕ್ಕೆ ಸಿಕ್ಕಿದ ನಿದರ್ಶನಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ವ್ಯಾಪಾರದಲ್ಲಿ ಪಳಗಿದ ತೋಟದಪ್ಪನವರು ಇದನ್ನು ಮುಂದಾಗಿಯೇ ಯೋಚಿಸಿ, ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದುಕೊಟ್ಟರು. ಅದರ ಮೊದಲ ಅಧ್ಯಕ್ಷರನ್ನಾಗಿ ಆಡಳಿತದಲ್ಲಿ ನುರಿತ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು ನೇಮಿಸಿದರು. ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾದ ಇವರ ಹೆಸರನ್ನೇ ಅಲ್ಲಿನ ಪುರಭವನಕ್ಕೆ ಇಡಲಾಗಿದೆ. 1910ರ ಫೆಬ್ರವರಿ 21ರಂದು ತೋಟದಪ್ಪನವರು ಲಿಂಗೈಕ್ಯರಾದರು. ಅವರು ಕಟ್ಟಿದ ಸಂಸ್ಥೆ ನೂರು ವರ್ಷ ದಾಟಿ ನಡೆದುಬಂದಿದೆ.

ಲೆಕ್ಕಪತ್ರ ನೋಡುವ ನಮ್ಮಂಥವರಿಗೆ ಇದೊಂದು ದೊಡ್ಡ ಪಾಠ. ಕೊಡುವ ಮನಸ್ಸು ಬೇಕು. ಕೊಟ್ಟದ್ದು ಉಳಿಯಬೇಕಾದರೆ ಕರಾರುಪತ್ರ, ಚೊಕ್ಕ ಲೆಕ್ಕ, ಪ್ರಾಮಾಣಿಕ ಆಡಳಿತಗಾರರೂ ಬೇಕು. ಗಡಿಭಾಗದ ನಮ್ಮ ಹಳ್ಳಿಗಳ ಮಕ್ಕಳು ಓದಿಗಾಗಿ ಪಟ್ಟಣ ಸೇರುವಾಗ ಊಟ, ವಸತಿಯ ಚಿಂತೆ ಇಂದಿಗೂ ತಪ್ಪಿಲ್ಲ. ಸುಗ್ಗಿಯಲ್ಲಿ ಒಂದು ಮೂಟೆ ರಾಗಿ, ಅಂಗಡಿಯ ಲಾಭದಲ್ಲಿ ಒಂದು ಪಾಲನ್ನು ಅವರಿಗಾಗಿ ತೆಗೆದಿಡೋಣ. ತೆಗೆದಿಟ್ಟದ್ದನ್ನು ಪುಸ್ತಕದಲ್ಲಿ ಬರೆದು, ವರ್ಷಕ್ಕೊಮ್ಮೆ ಹತ್ತು ಜನರ ಮುಂದೆ ಓದಿ ಹೇಳೋಣ.