ಅಪರಾಧ ಕೇಳದ ಎಲಿಜಬೆತ್ ಫ್ರೈ

ಒಬ್ಬರ ಬಯೋಡೇಟಾದಲ್ಲಿ ಎರಡು ವರ್ಷ ಖಾಲಿ ಕಂಡರೆ ಸಾಕು, ನಾವು ಅವರ ಬಗ್ಗೆ ಒಂದು ಕಥೆಯನ್ನೇ ಕಟ್ಟಿಬಿಡುತ್ತೇವೆ. ಹಾಗಿರುವಾಗ ಕಳ್ಳತನ, ಖೋಟಾನೋಟು, ಕೊಲೆಯ ಆರೋಪ ಹೊತ್ತವರ ನಡುವೆ ಹೋಗಿ ಕುಳಿತ ಎಲಿಜಬೆತ್ ಫ್ರೈ ಅವರ ಬದುಕು ಅಚ್ಚರಿ ಹುಟ್ಟಿಸುತ್ತದೆ.

1780ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ, ಬ್ಯಾಂಕ್ ನಡೆಸುವ ಸಿರಿವಂತ ಕ್ವೇಕರ್ ಮನೆತನದಲ್ಲಿ ಹುಟ್ಟಿದವರು. 20ಕ್ಕೆ ಮದುವೆ, ಮುಂದೆ 11 ಮಕ್ಕಳು. 1813ರ ಚಳಿಗಾಲದಲ್ಲಿ ಹಸುಗೂಸುಗಳಿಗೆಂದು ಬೆಚ್ಚನೆಯ ಬಟ್ಟೆ ಹಿಡಿದು ಲಂಡನ್ನಿನ ನ್ಯೂಗೇಟ್ ಜೈಲಿಗೆ ಹೋದರು. ಕೆಲವೇ ಕೋಣೆಗಳಲ್ಲಿ ಸುಮಾರು 300 ಹೆಂಗಸರು, ಮಕ್ಕಳು. ವಿಚಾರಣೆಗೆ ಕಾದವರು, ನೇಣಿಗೆ ಕಾದವರು ಎಲ್ಲರೂ ಒಟ್ಟಿಗೆ. ಕಾವಲಿನವರೇ ಒಳಗೆ ಕಾಲಿಡಲು ಅಂಜುತ್ತಿದ್ದರು.

ಮನೆಯ ಕಷ್ಟಸುಖ ಮುಗಿಸಿ ಮತ್ತೆ ಅಲ್ಲಿಗೆ ಹೋಗಲು ಸುಮಾರು ನಾಲ್ಕು ವರ್ಷ ಬೇಕಾಯಿತು. ಈ ಸಲ ಅವರು ಉಪದೇಶ ಮಾಡಲಿಲ್ಲ. ಮಕ್ಕಳಿಗೆ ಶಾಲೆ ಬೇಕೇ ಎಂದು ತಾಯಂದಿರನ್ನು ಕೇಳಿದರು. ಕಲಿಸಲು ಕೈದಿಗಳೇ ತಮ್ಮೊಳಗಿನ ಮೇರಿ ಕಾನರ್ ಎಂಬಾಕೆಯನ್ನು ಆರಿಸಿದರು; ಆಕೆ ಕೈಗಡಿಯಾರ ಕದ್ದು ಒಳಗೆ ಬಂದವಳು!

ಹಾಗೆಂದು ಎಲಿಜಬೆತ್ ಕಣ್ಣು ಮುಚ್ಚಿ ಎಲ್ಲವನ್ನೂ ಒಪ್ಪಿದವರಲ್ಲ. ಇಸ್ಪೀಟು, ಜೂಜು, ಬೈಗುಳ, ಜಗಳ ಬಿಡಬೇಕೆಂದು ನಿಯಮ ಮಾಡಿದರು. ಆದರೆ ಒಂದೊಂದು ನಿಯಮವನ್ನೂ ಓದಿ, ಕೈದಿಗಳು ಕೈ ಎತ್ತಿ ಒಪ್ಪಿದ ಮೇಲೆಯೇ ಜಾರಿಗೆ ತಂದರು. ಜೈಲಿಗೆ ಭೇಟಿ ಕೊಡುವವರು ತೀರ್ಪುಗಾರರಂತೆ ಅಲ್ಲ, ಕರುಣೆಯಿಂದ ಹೋಗಬೇಕು, ಕೈದಿ ಮಾಡಿದ ಅಪರಾಧದ ಮಾತೆತ್ತಬಾರದು ಎಂದು 1827ರ ತಮ್ಮ ಪುಸ್ತಕದಲ್ಲಿ ಬರೆದರು. ತಪ್ಪು ಯಾವುದೆಂದು ತಿಳಿದಿರುವುದು ಬೇರೆ, ತಪ್ಪು ಮಾಡಿದವರ ಬೆಲೆ ಕಟ್ಟುವುದು ಬೇರೆ. ಬೈಬಲ್ಲಿನ ಪರ್ವತ ಪ್ರಸಂಗವನ್ನು ಅವರು ಅರ್ಥ ಮಾಡಿಕೊಂಡ ಬಗೆ ಇದೇ ಇರಬೇಕು ಎಂದು ನನಗನಿಸುತ್ತದೆ.

ಎಲ್ಲವೂ ಗೆಲುವಾಗಲಿಲ್ಲ. 1818ರಲ್ಲಿ ಹ್ಯಾರಿಯೆಟ್ ಸ್ಕೆಲ್ಟನ್ ಎಂಬಾಕೆಗೆ ಖೋಟಾನೋಟು ಚಲಾಯಿಸಿದ್ದಕ್ಕೆ ಮರಣದಂಡನೆಯಾಯಿತು. ಗೃಹಮಂತ್ರಿ ಸಿಡ್‌ಮತ್ ಬಳಿ ಹೋಗಿ ಎಲಿಜಬೆತ್ ಬೇಡಿಕೊಂಡರು. ಬ್ಯಾಂಕಿನವರ ಮಗಳು, ಬ್ಯಾಂಕಿನವನ ಹೆಂಡತಿ ಖೋಟಾನೋಟಿನವಳ ಪರ ನಿಂತದ್ದು! ಮಂತ್ರಿ ಕರಗಲಿಲ್ಲ, ಹ್ಯಾರಿಯೆಟ್‌ಳನ್ನು ನೇಣಿಗೇರಿಸಿದರು.

ಹತ್ತು ವರ್ಷದ ಬಳಿಕ ತೀರ್ಪು ಅವರ ಮನೆ ಬಾಗಿಲಿಗೇ ಬಂತು. 1828ರಲ್ಲಿ ಗಂಡ ಜೋಸೆಫ್‌ರ ಬ್ಯಾಂಕ್ ಮುಳುಗಿತು. ದಿವಾಳಿಯಾದ ಅವರನ್ನು ಕ್ವೇಕರ್ ಸಭೆ ಸದಸ್ಯತ್ವದಿಂದ ಹೊರಹಾಕಿತು. ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗಬೇಕಾಯಿತು. ಎಲಿಜಬೆತ್ ಆ ಸಭೆಯನ್ನೂ ಬಿಡಲಿಲ್ಲ, ಜೈಲನ್ನೂ ಬಿಡಲಿಲ್ಲ. 1845ರಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸ ನಡೆದೇ ಇತ್ತು.

ಗಡೀಪಾರಾಗಿ ಆಸ್ಟ್ರೇಲಿಯಾಕ್ಕೆ ಹೊರಟ ಹೆಂಗಸರಿಗೆ ಅವರ ಸಮಿತಿ ಸೂಜಿ, ದಾರ, ಬಟ್ಟೆಯ ತುಂಡುಗಳನ್ನು ಕೊಡುತ್ತಿತ್ತು. 1841ರಲ್ಲಿ ರಾಜಾ ಎಂಬ ಹಡಗಿನಲ್ಲಿ ಅವರು ಎರಡೂವರೆ ಸಾವಿರಕ್ಕೂ ಹೆಚ್ಚು ತುಂಡು ಸೇರಿಸಿ ಒಂದು ಕೌದಿ ಹೊಲಿದರು. ಅದು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಸಮಿತಿಗೆ ಸಲ್ಲಿಸಿದ ಕೃತಜ್ಞತೆಯ ಮಾತನ್ನು ಅದರ ಮೇಲೆ ದಾರದಲ್ಲೇ ಬರೆದಿದ್ದಾರೆ. ಹೊಲಿದವರ ಹೆಸರು ಅದರಲ್ಲಿಲ್ಲ, ಅವರ ಅಪರಾಧವೂ ಇಲ್ಲ.