ಶೋಕವನ್ನು ಹೊತ್ತು ನಡೆದ ತಾಯಿ ಅಹಲ್ಯಾಬಾಯಿ

ಸಾವು ಸಂಭವಿಸಿದ ಮನೆಗೆ ಹೋದವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುವರು. ಹುಟ್ಟಿದವರಿಗೆ ಸಾವು ತಪ್ಪದೆಂಬುದು ಒಂದು. ದಿನ ಕಳೆದಂತೆ ಎಲ್ಲವೂ ಮರೆತುಹೋಗುವುದೆಂಬುದು ಇನ್ನೊಂದು. ಮೊದಲನೆಯದು ನಿಜವೇ ಆದರೂ ಒಡಲುರಿಯುತ್ತಿರುವವರ ಕಿವಿಗೆ ಅದು ಹೊಗುವುದಿಲ್ಲ. ಎರಡನೆಯದು ಎಷ್ಟೋ ಜನರ ಪಾಲಿಗೆ ನಿಜವೂ ಅಲ್ಲ. ಇಂದೂರಿನ ಹೋಳ್ಕರ ಮನೆತನದ ಅಹಲ್ಯಾಬಾಯಿಯು ಪತಿಯನ್ನೂ ಮಾವನನ್ನೂ ಮಗನನ್ನೂ ಮೊಮ್ಮಗನನ್ನೂ ಅಳಿಯನನ್ನೂ ಮಗಳನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕಳೆದುಕೊಂಡಳು. ಆಕೆ ಯಾರನ್ನೂ ಮರೆತವಳಲ್ಲ. ಕಾಶಿಯ ವಿಶ್ವನಾಥನ ಗುಡಿಯನ್ನು ಮರಳಿ ಕಟ್ಟಿಸಿದವಳೆಂದೂ, ಸೋಮನಾಥದಲ್ಲಿ 1783ರಲ್ಲಿ ಹೊಸ ಗುಡಿಯನ್ನು ಎತ್ತಿಸಿದವಳೆಂದೂ ಆಕೆಯ ಹೆಸರು ಭರತಖಂಡದಲ್ಲೆಲ್ಲ ಪ್ರಸಿದ್ಧವಾಗಿದೆ. ಆ ಕೀರ್ತಿಯ ಹಿಂದಿದ್ದ ಮನೆಯ ಕಥೆ ಅಷ್ಟಾಗಿ ಜನರಿಗೆ ತಿಳಿದಿಲ್ಲ.

ಅಹಲ್ಯಾಬಾಯಿ ಹುಟ್ಟಿದ್ದು 1725ರ ಮೇ 31ರಂದು, ಮಹಾರಾಷ್ಟ್ರದ ಚೌಂಡಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂದೆ ಆ ಊರಿನ ಪಾಟೀಲ. ಕುಲದಿಂದ ಧನಗರರು, ಎಂದರೆ ನಮ್ಮ ಕಡೆಯ ಕುರುಬರಂತೆ ಕುರಿ ಸಾಕುವವರು. ಪೇಶವೆಯ ಸರದಾರನಾಗಿದ್ದ ಮಲ್ಹಾರರಾವ್ ಹೋಳ್ಕರನೂ ಅದೇ ಕುಲದಲ್ಲಿ ಹುಟ್ಟಿ, ಕತ್ತಿಯ ಬಲದಿಂದ ಮಾಳವದ ಒಡೆತನಕ್ಕೆ ಏರಿದವನು. ದಾರಿಯಲ್ಲಿ ಚೌಂಡಿಯ ಗುಡಿಯಲ್ಲಿ ಈ ಬಾಲೆಯನ್ನು ಕಂಡು, ಆಕೆಯ ನಡೆನುಡಿಗೆ ಮೆಚ್ಚಿ ಸೊಸೆಯಾಗಿ ತಂದುಕೊಂಡನೆಂದು ಹೇಳುವರು. ಮಗ ಖಂಡೇರಾಯನೊಡನೆ ವಿವಾಹವಾದಾಗ ಆಕೆಗೆ ಇನ್ನೂ ಎಂಟು ವರ್ಷ. ಮುಂದೆ ಮಾಲೇರಾಯನೆಂಬ ಮಗನೂ ಮುಕ್ತಾಬಾಯಿ ಎಂಬ ಮಗಳೂ ಜನಿಸಿದರು.

1754ರಲ್ಲಿ ಭರತಪುರದ ಹತ್ತಿರದ ಕುಂಭೇರ ಕೋಟೆಗೆ ಮರಾಠರು ಮುತ್ತಿಗೆ ಹಾಕಿದ್ದರು. ಕೋಟೆಯಿಂದ ಹಾರಿದ ಗುಂಡು ತಗುಲಿ ಖಂಡೇರಾಯನು ಮಡಿದನು. ಅಹಲ್ಯಾಬಾಯಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಅಂದಿನ ರೂಢಿಯಂತೆ ಆಕೆ ಸಹಗಮನಕ್ಕೆ ಸಿದ್ಧಳಾದಳು. ಆಗ ಮಲ್ಹಾರರಾಯನು ಸೊಸೆಯ ಮುಂದೆ ಬಂದು ನಿಂತುದನ್ನು ಮರಾಠಿ ನಾಡು ಇಂದಿಗೂ ನೆನೆಯುತ್ತದೆ. ನೂರಾರು ಯುದ್ಧಗಳನ್ನು ಕಂಡ ಆ ಮುದಿಯೋಧನು ಸೊಸೆಗೆ ವೇದಾಂತವನ್ನು ಹೇಳಲಿಲ್ಲ. ಸಾವು ಸಹಜವೆನ್ನಲಿಲ್ಲ. ತನ್ನ ಒಬ್ಬನೇ ಮಗ ಹೋದನೆಂದೂ, ಈ ಮುಪ್ಪಿನಲ್ಲಿ ತನಗೆ ಆಕೆಯೇ ಮಗನೆಂದೂ, ಆಕೆಯೂ ಹೋದರೆ ತಾನು ಯಾರ ಮುಖ ನೋಡಿ ಬದುಕಬೇಕೆಂದೂ ಅತ್ತು ಬೇಡಿಕೊಂಡನು. ಸಂತೈಸಲು ಬಂದವನು ತಾನೇ ಸಂತೈಕೆಯನ್ನು ಬೇಡಿದನು. ಅಹಲ್ಯಾಬಾಯಿ ಚಿತೆಯಿಂದ ಹಿಂದಕ್ಕೆ ಸರಿದಳು.

ಆದರೆ ಬದುಕಿ ಉಳಿದಮಾತ್ರಕ್ಕೆ ಶೋಕ ಇಳಿಯುವುದೇ? ಆಕೆ ಬಣ್ಣದ ಬಟ್ಟೆಯನ್ನು ಮತ್ತೆಂದೂ ಉಡಲಿಲ್ಲ. ಅಂಚಿಲ್ಲದ ಬಿಳಿಯ ಸೀರೆ, ಕೊರಳಲ್ಲಿ ಒಂದು ಸಣ್ಣ ಸರ, ಇಷ್ಟೇ ಆಕೆಯ ಉಡಿಗೆ ತೊಡಿಗೆ. ಮಲ್ಹಾರರಾಯನ ದೊಡ್ಡತನ ಕಾಣುವುದು ಇಲ್ಲಿಯೇ. ಮಗನೆಂದು ಕರೆದ ಮಾತನ್ನು ಅವನು ಅಂದಿನ ಕಣ್ಣೀರಿಗಷ್ಟೇ ಮುಗಿಸಲಿಲ್ಲ. ಮಗನಿಗೆ ವಹಿಸಬೇಕಾದ ಹೊಣೆಯನ್ನೆಲ್ಲ ಸೊಸೆಗೆ ವಹಿಸಿದನು. ಲೆಕ್ಕಪತ್ರ, ಕಂದಾಯ, ಸೈನ್ಯದ ಸಾಮಗ್ರಿ, ಎಲ್ಲವೂ ಆಕೆಯ ಕೈಗೆ ಬಂದವು. 1765ರಲ್ಲಿ ಅವನು ಬರೆದ ಕಾಗದವೊಂದು ಉಳಿದಿದೆ. ಚಂಬಲ್ ನದಿಯನ್ನು ದಾಟಿ ಗ್ವಾಲಿಯರಿಗೆ ಹೋಗಬೇಕೆಂದೂ, ದೊಡ್ಡ ತೋಪುಗಳಿಗೆ ಮದ್ದುಗುಂಡುಗಳನ್ನು ಸಿದ್ಧಮಾಡಿಸಬೇಕೆಂದೂ ಅದರಲ್ಲಿ ಸೊಸೆಗೆ ಆಜ್ಞಾಪಿಸಿದ್ದಾನೆ. ವಿಧವೆಯನ್ನು ಮನೆಯ ಮೂಲೆಗೆ ಕೂಡಿಸುತ್ತಿದ್ದ ಕಾಲದಲ್ಲಿ ಬರೆದ ಕಾಗದವಿದು.

1766ರ ಮೇ ತಿಂಗಳಲ್ಲಿ ಮಲ್ಹಾರರಾಯನೂ ತೀರಿಕೊಂಡನು. ಪಟ್ಟಕ್ಕೆ ಬಂದ ಮಾಲೇರಾಯನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಮಧ್ಯಭಾರತದ ಚರಿತ್ರೆಯನ್ನು 1823ರಲ್ಲಿ ಪ್ರಕಟಿಸಿದ ಜಾನ್ ಮಾಲ್ಕಂ ಎಂಬ ಆಂಗ್ಲ ಅಧಿಕಾರಿಯು ಅವನ ಕಡೆಯ ದಿನಗಳನ್ನು ವಿವರಿಸಿದ್ದಾನೆ. ಕಸೂತಿ ಕೆಲಸದವನೊಬ್ಬನನ್ನು ಸುಳ್ಳು ಸಂಶಯದಿಂದ ಕೊಲ್ಲಿಸಿ, ಬಳಿಕ ಅವನು ನಿರಪರಾಧಿಯೆಂದು ತಿಳಿದಾಗ ಮಾಲೇರಾಯನಿಗೆ ಹುಚ್ಚು ಏರಿತು. ಸತ್ತವನ ಪ್ರೇತವೇ ಹಿಡಿದಿದೆಯೆಂದು ಎಲ್ಲರೂ ನಂಬಿದರು. ತಾಯಿ ಹಗಲಿರುಳು ಹಾಸಿಗೆಯ ಬಳಿ ಕುಳಿತು, ಆ ಪ್ರೇತದೊಡನೆಯೇ ಮಾತನಾಡುತ್ತ, ಗುಡಿ ಕಟ್ಟಿಸುವೆನು, ಆ ಬಡವನ ಕುಟುಂಬಕ್ಕೆ ಜಹಗೀರು ಕೊಡುವೆನು, ಮಗನನ್ನು ಬಿಡೆಂದು ಬೇಡಿದಳು. 1767ರ ಏಪ್ರಿಲಿನಲ್ಲಿ ಮಗನು ಸತ್ತನು.

ಇದೇ ಸಮಯವೆಂದು ದಿವಾನ ಗಂಗಾಧರ ಯಶವಂತನು ಎಳೆಯ ಮಗುವೊಂದನ್ನು ದತ್ತಕ್ಕೆ ತೆಗೆದುಕೊಂಡು ರಾಜ್ಯಭಾರವನ್ನು ತನಗೆ ಬಿಡಬೇಕೆಂದನು. ಪೇಶವೆಯ ಚಿಕ್ಕಪ್ಪನಾದ ರಘುನಾಥರಾಯನು ಅವನ ಬೆಂಬಲಕ್ಕಿದ್ದನು. ಆಕೆ ಒಪ್ಪಲಿಲ್ಲ. ಪೇಶವೆ ಮಾಧವರಾಯನು ಆಕೆಯ ಪಕ್ಷವನ್ನು ಎತ್ತಿಹಿಡಿದನು. ತುಕೋಜಿ ಹೋಳ್ಕರನು ಸೇನೆಯನ್ನು ನೋಡಿಕೊಳ್ಳುವನೆಂದೂ ಅಹಲ್ಯಾಬಾಯಿ ರಾಜ್ಯವನ್ನು ಆಳುವಳೆಂದೂ ಏರ್ಪಾಟಾಯಿತು. ನರ್ಮದೆಯ ದಡದ ಮಹೇಶ್ವರವನ್ನು ಆಕೆ ತನ್ನ ವಾಸಸ್ಥಾನವಾಗಿ ಆರಿಸಿಕೊಂಡಳು. ಅಲ್ಲಿ ಬೆಳೆದ ನೇಯ್ಗೆಯ ಸೀರೆ ಇಂದಿಗೂ ಆ ಊರಿನ ಹೆಸರಿನಿಂದಲೇ ಹೆಣ್ಣುಮಕ್ಕಳಿಗೆ ಪರಿಚಿತ.

ಆಕೆಯ ದಿನಚರಿಯನ್ನು ಮಾಲ್ಕಂ ಕಂಡವರಿಂದ ಕೇಳಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವುದಕ್ಕೆ ಒಂದು ಗಂಟೆ ಮೊದಲೇ ಏಳುವಳು. ಪೂಜೆ, ಪುರಾಣಶ್ರವಣ, ದಾನ, ಊಟ; ಸ್ವಲ್ಪ ವಿಶ್ರಾಂತಿ. ಮಧ್ಯಾಹ್ನ ಎರಡು ಗಂಟೆಗೆ ದರ್ಬಾರಿಗೆ ಬಂದರೆ ಸಂಜೆಯ ವರೆಗೆ ಏಳುವಂತಿಲ್ಲ. ಪರದೆಯ ಮರೆಯಿಲ್ಲದೆ ಕುಳಿತು ಪ್ರತಿಯೊಬ್ಬರ ಅಹವಾಲನ್ನು ತಾನೇ ಕೇಳುವಳು. ಸಂಜೆಯ ಪೂಜೆ, ಫಲಾಹಾರಗಳಾದ ಮೇಲೆ ಒಂಬತ್ತರಿಂದ ಹನ್ನೊಂದರ ವರೆಗೆ ಮತ್ತೆ ರಾಜಕಾರ್ಯ. ಶೋಕವು ಅಡಿಯಿಡುವ ಹೊತ್ತು ಯಾವುದೆಂಬುದನ್ನು ಬಲ್ಲವರಿಗೆ ಈ ಕಟ್ಟುಪಾಡಿನ ಬೆಲೆ ತಿಳಿದೀತು. ಬರಿದಾದ ಮಧ್ಯಾಹ್ನವೂ ನಿದ್ದೆ ಬಾರದ ಇರುಳೂ ದುಃಖಿಗೆ ಬಲು ಉದ್ದವಾದವು. ಆಕೆಯ ಚಿತ್ರಪಟಗಳಲ್ಲಿ ಅಂಗೈಯಲ್ಲಿ ಶಿವಲಿಂಗವಿರುವುದನ್ನು ನಮ್ಮ ಭಕ್ತರು ಕಂಡಿರಬಹುದು. ಅದು ನಮ್ಮ ಇಷ್ಟಲಿಂಗವಲ್ಲ. ಆಕೆಯ ಮನೆತನದ ಶಿವಪೂಜೆಯ ರೀತಿ ಬೇರೆ. ಆದರೂ ಅಂಗೈಯ ಕಡೆಗೆ ನೆಟ್ಟ ಆ ನೋಟವು ನಮಗೆ ಅಪರಿಚಿತವಲ್ಲ. ರಾಜ್ಯವೇ ಶಂಕರನದೆಂದು ಭಾವಿಸಿ, ಆಜ್ಞಾಪತ್ರಗಳಿಗೆ ತನ್ನ ಹೆಸರಿನ ಬದಲು ಶ್ರೀಶಂಕರನ ಹೆಸರನ್ನೇ ರುಜುವಾಗಿ ಹಾಕುತ್ತಿದ್ದಳು.

ತಾನುಂಡ ನೋವು ಆಕೆಯ ನ್ಯಾಯದಲ್ಲಿಯೂ ಕಾಣುತ್ತದೆ. ಮಕ್ಕಳಿಲ್ಲದೆ ಸತ್ತವರ ಆಸ್ತಿಯ ಮೇಲೆ ಅಧಿಕಾರಿಗಳು ಕಣ್ಣಿಡುತ್ತಿದ್ದ ಕಾಲವದು. ವಿಧವೆಯರು ಗಂಡನ ಆಸ್ತಿಯನ್ನು ಇಟ್ಟುಕೊಳ್ಳಲೂ ದತ್ತು ತೆಗೆದುಕೊಳ್ಳಲೂ ಆಕೆ ಅಡ್ಡಿಯಿಲ್ಲದಂತೆ ಮಾಡಿದಳು. ಒಬ್ಬ ಶ್ರೀಮಂತ ವರ್ತಕನ ವಿಧವೆಯು ದತ್ತು ಮಾಡಿಕೊಳ್ಳಹೋದಾಗ ಅಧಿಕಾರಿಯೊಬ್ಬನು ದೊಡ್ಡ ಲಂಚವನ್ನು ಕೇಳಿದನಂತೆ. ಅವಳು ಮಹೇಶ್ವರಕ್ಕೆ ಬಂದು ಮೊರೆಯಿಟ್ಟಳು. ಅಹಲ್ಯಾಬಾಯಿ ಅಧಿಕಾರಿಯನ್ನು ಕೆಲಸದಿಂದ ತೆಗೆದು, ಆ ದತ್ತುಮಗುವನ್ನು ತನ್ನ ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಬಟ್ಟೆ ಒಡವೆಗಳನ್ನು ಕೊಟ್ಟು, ಇಬ್ಬರನ್ನೂ ಪಲ್ಲಕ್ಕಿಯಲ್ಲಿ ಊರಿಗೆ ಕಳುಹಿಸಿದಳು.

ಇಷ್ಟಾದರೂ ಆಕೆಯ ಪರೀಕ್ಷೆ ಮುಗಿದಿರಲಿಲ್ಲ. ಮಗಳು ಮುಕ್ತಾಬಾಯಿಯನ್ನು ಯಶವಂತರಾವ್ ಫಣಸೆ ಎಂಬವನಿಗೆ ಕೊಟ್ಟಿದ್ದಳು. ಅವರಿಗೆ ಒಬ್ಬನೇ ಮಗ, ಅಜ್ಜಿಯ ಕಣ್ಣು. ಪ್ರಾಯಕ್ಕೆ ಬಂದ ಆ ಮೊಮ್ಮಗನು ಮಹೇಶ್ವರದಲ್ಲಿ ತೀರಿಕೊಂಡನು. ವರ್ಷ ತುಂಬುವಷ್ಟರಲ್ಲಿ, 1791ರಲ್ಲಿ, ಅಳಿಯನೂ ಹೋದನು. ಮುಕ್ತಾಬಾಯಿ ಸಹಗಮನ ಮಾಡುವೆನೆಂದಳು. ಮೂವತ್ತೇಳು ವರ್ಷಗಳ ಹಿಂದೆ ಮಲ್ಹಾರರಾಯನು ನಿಂತಿದ್ದ ಜಾಗದಲ್ಲಿ ಈಗ ಅಹಲ್ಯಾಬಾಯಿ ನಿಂತಳು. ರಾಣಿಯಾಗಿ ಅಲ್ಲ, ನೆಲದ ಮೇಲೆ ಬಿದ್ದು, ತನ್ನನ್ನು ಒಂಟಿಯಾಗಿ ಬಿಡಬೇಡವೆಂದು ಬೇಡಿದಳು. ಮಗಳು ಶಾಂತಳಾಗಿಯೇ ಉತ್ತರವಿತ್ತಳು. ತಾಯಿಗೆ ವಯಸ್ಸಾಗಿದೆ, ಕೆಲವು ವರ್ಷಗಳಲ್ಲಿ ತಾಯಿಯೂ ಹೋಗುವಳು, ಮಗನೂ ಗಂಡನೂ ಇಲ್ಲದ ತಾನು ಆಮೇಲೆ ಯಾರಿಗಾಗಿ ಬದುಕಬೇಕು? ಮಲ್ಹಾರರಾಯನ ಕಣ್ಣೀರು ಗೆದ್ದಲ್ಲಿ ತಾಯಿಯ ಕಣ್ಣೀರು ಸೋತಿತು. ಇದರಲ್ಲಿ ಮಗಳ ತಪ್ಪನ್ನು ಹುಡುಕುವುದು ನ್ಯಾಯವಲ್ಲ. ಗಂಡನಿಲ್ಲದ ಹೆಣ್ಣಿಗೆ ಬೆಂಕಿಯೇ ಗೌರವವೆಂದು ಕಲಿಸಿದ ಕ್ರೂರ ರೂಢಿಯೇ ಆ ಉತ್ತರವನ್ನು ಅವಳ ಬಾಯಲ್ಲಿ ಇಟ್ಟಿತ್ತು. ಬ್ರಿಟಿಷರ ಬಂಗಾಳ ಪ್ರಾಂತದಲ್ಲಿ ಕಾಯಿದೆಯಿಂದ ಅದು ನಿಷಿದ್ಧವಾದುದು 1829ರಲ್ಲಿ.

ತಾಯಿ ಚಿತೆಯ ವರೆಗೆ ನಡೆದು ಬಂದಳು. ಇಬ್ಬರು ಬ್ರಾಹ್ಮಣರು ತೋಳುಗಳನ್ನು ಹಿಡಿದುಕೊಂಡಿದ್ದರು. ಉರಿ ಎದ್ದಾಗ ಆಕೆಯ ಧೈರ್ಯವೆಲ್ಲ ಕುಸಿಯಿತು. ಕೂಗಿದಳು, ಬಿಡಿಸಿಕೊಳ್ಳಲು ಹೆಣಗಿದಳು, ಹಿಡಿದವರಿಂದ ಬಿಡಿಸಿಕೊಳ್ಳಲಾಗದ ತನ್ನ ಕೈಗಳನ್ನೇ ಕಚ್ಚಿಕೊಂಡಳು. ಎಲ್ಲ ಮುಗಿದ ಮೇಲೆ ನರ್ಮದೆಯಲ್ಲಿ ಮಿಂದು ಅರಮನೆಗೆ ಹೋದಳು. ಮೂರು ದಿನ ಅನ್ನ ಮುಟ್ಟಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಭಕ್ತಿಯುಳ್ಳವರು ಅಳಬಾರದು, ಜ್ಞಾನಿಗಳು ಕುಸಿಯಬಾರದು ಎಂದು ಹೇಳುವವರು ಈ ಮೂರು ದಿನಗಳನ್ನು ನೆನೆಯಬೇಕು. ಐವತ್ತು ವರ್ಷ ಲಿಂಗಪೂಜೆ ಮಾಡಿದ ಕೈಗಳವು.

ನಾಲ್ಕನೆಯ ದಿನ ಶೋಕ ಕಳೆಯಿತೆಂದು ಯಾರೂ ಬರೆದಿಲ್ಲ. ಆಕೆ ಮೌನ ಮುರಿದು ಹೊರಗೆ ಬಂದು, ಅಗಲಿದವರ ನೆನಪಿಗಾಗಿ ನದಿಯ ದಡದಲ್ಲಿ ಒಂದು ಸ್ಮಾರಕವನ್ನು ಕಟ್ಟಿಸಲು ತೊಡಗಿದಳು. ಆ ಕಟ್ಟಡದ ಕೆಲಸದಲ್ಲಿಯೇ ಆಕೆಗೆ ಸ್ವಲ್ಪ ನೆಮ್ಮದಿ ದೊರೆಯಿತೆಂದು ಮಾಲ್ಕಂ ಹೇಳುತ್ತಾನೆ. ರಾಜ್ಯಭಾರವೂ ನಿಲ್ಲಲಿಲ್ಲ. ಈ ಸಲ ಆಕೆಯನ್ನು ಮಗನೆಂದು ಕರೆದು ಹಿಡಿದು ನಿಲ್ಲಿಸಲು ಮನೆಯಲ್ಲಿ ಯಾರೂ ಇರಲಿಲ್ಲ; ಬಾಗಿಲಲ್ಲಿ ಅಹವಾಲು ಹಿಡಿದು ಕಾದಿದ್ದ ಒಕ್ಕಲಿಗರೂ ನೇಕಾರರೂ ವಿಧವೆಯರೂ ಇದ್ದರು.

ಮಹೇಶ್ವರದಲ್ಲಿ ಮಣ್ಣಿನಿಂದ ಸಣ್ಣ ಸಣ್ಣ ಲಿಂಗಗಳನ್ನು ಮಾಡಿ, ಪೂಜಿಸಿ, ನರ್ಮದೆಯಲ್ಲಿ ಬಿಡುವ ಪದ್ಧತಿಯುಂಟು. ಅಹಲ್ಯಾಬಾಯಿಯ ಕಾಲದಿಂದ ಅದು ನಡೆದುಬಂದಿದೆಯೆಂದು ಅಲ್ಲಿಯವರು ಹೇಳುವರು. ಅದೇ ನದಿಯ ದಡದಲ್ಲಿ ಆಕೆ ಇನ್ನೂ ನಾಲ್ಕು ವರ್ಷ ಬಾಳಿದಳು. ಚಿಂತೆಯಿಂದಲೂ ದುಡಿಮೆಯಿಂದಲೂ ಬಳಲಿದ್ದ ದೇಹವು ಕಠಿಣ ಉಪವಾಸವ್ರತಗಳಿಂದ ಮತ್ತಷ್ಟು ಸೊರಗಿತ್ತು. 1795ರ ಆಗಸ್ಟ್ 13ರಂದು, ತನ್ನ 70ನೆಯ ವಯಸ್ಸಿನಲ್ಲಿ, ಆಕೆ ಶಿವನ ಪಾದವನ್ನು ಸೇರಿದಳು.