ಇಬ್ನ್ ಬತೂತ: ಹೋದ ದಾರಿಯಲ್ಲೇ ಮರಳಲೊಪ್ಪದ ಪ್ರವಾಸಿ

ವಿಶ್ವವಿಖ್ಯಾತ ಪ್ರವಾಸಿ ಇಬ್ನ್ ಬತೂತ ಕ್ರಿ.ಶ. 1304ರಲ್ಲಿ ಮೊರಾಕ್ಕೊ ದೇಶದ ತಾಂಜಿಯರ್ ಪಟ್ಟಣದಲ್ಲಿ, ಖಾಝಿಗಳ ಮನೆತನವೊಂದರಲ್ಲಿ ಜನಿಸಿದರು. 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ತಂದೆ ತಾಯಿಯನ್ನು ಅಗಲಿ ಒಬ್ಬರೇ ಹಜ್ ಯಾತ್ರೆಗೆ ಹೊರಟರು. ಆಗ ಅವರ ಮನಸ್ಸಿನಲ್ಲಿದ್ದದ್ದು ಮಕ್ಕಾ ಮತ್ತು ಮದೀನಾ ಮಾತ್ರ. ಅಲೆಕ್ಸಾಂಡ್ರಿಯಾದ ಸೂಫಿ ಸಂತರೊಬ್ಬರು ಹಿಂದ್, ಸಿಂಧ್ ಮತ್ತು ಚೀನಾ ದೇಶಗಳಲ್ಲಿದ್ದ ತಮ್ಮ ಸಹೋದರರನ್ನು ಕಂಡು ಸಲಾಮ್ ತಿಳಿಸುವಂತೆ ಹೇಳಿದರು. ದೂರ ದೇಶಗಳ ಆಸೆ ಅಲ್ಲಿ ಚಿಗುರಿತು.

ಯಾವ ದೇಶಕ್ಕೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬುದಕ್ಕೆ ಅವರದೇ ಒಂದು ನಿಯಮವಿತ್ತು. ಸಾಧ್ಯವಾದಷ್ಟು ಮಟ್ಟಿಗೆ ಒಮ್ಮೆ ನಡೆದ ದಾರಿಯಲ್ಲಿ ಮತ್ತೆ ನಡೆಯಬಾರದು. ಆದರೆ ಪ್ರಯಾಣ ನಮ್ಮ ಇಚ್ಛೆಯಂತೆಯೇ ನಡೆಯುವುದಿಲ್ಲ. ಕೆಂಪು ಸಮುದ್ರದ ಐಧಾಬ್ ಬಂದರಿಗೆ ಹೋದಾಗ ಯುದ್ಧದಿಂದ ಹಡಗುಗಳು ನಾಶವಾಗಿದ್ದವು. ಅವರು ಕೈರೋಗೆ ಮರಳಿ, ಸಿರಿಯಾ ಮಾರ್ಗವಾಗಿ ಮಕ್ಕಾ ತಲುಪಿದರು.

ಭಾರತವನ್ನು ಆರಿಸಿಕೊಳ್ಳಲು ಸ್ಪಷ್ಟ ಕಾರಣವಿತ್ತು. ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಪರದೇಶದ ವಿದ್ವಾಂಸರಿಗೆ ಉದಾರವಾಗಿ ಉದ್ಯೋಗ ನೀಡುತ್ತಿದ್ದರು. ಜಿದ್ದಾದಲ್ಲಿ ಭಾರತಕ್ಕೆ ಅನುಕೂಲವಾದ ಹಡಗು ದೊರೆಯದಿದ್ದಾಗ ಅವರು ತುರ್ಕಿ, ಕಾನ್‌ಸ್ಟಾಂಟಿನೋಪಲ್ ಮತ್ತು ಮಧ್ಯ ಏಷ್ಯಾ ಸುತ್ತಿ 1333ರಲ್ಲಿ ಸಿಂಧೂ ನದಿಯನ್ನು ತಲುಪಿದರು. ದೆಹಲಿಯಲ್ಲಿ ಖಾಝಿ ಹುದ್ದೆ ದೊರೆಯಿತು.

ಮುಂದೆ ಸುಲ್ತಾನರು ಅವರನ್ನು ರಾಯಭಾರಿಯಾಗಿ ಚೀನಾಕ್ಕೆ ಕಳುಹಿಸಿದರು. ಈ ಪ್ರಯಾಣದಲ್ಲಿಯೇ ಅವರು ನಮ್ಮ ಕರಾವಳಿಯ ಹೊನ್ನಾವರ, ಬಾರ್ಕೂರು ಮತ್ತು ಮಂಗಳೂರನ್ನು ಕಂಡರು. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಮದ್ರಸಗಳಿದ್ದವೆಂದೂ, ಇಂಥದ್ದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದೂ ಅವರು ದಾಖಲಿಸಿದ್ದಾರೆ. ಸುಮಾರು 680 ವರ್ಷಗಳ ಹಿಂದಿನ ಈ ಸಾಲು ಇಂದಿನ ನಮ್ಮ ವಿದ್ಯಾರ್ಥಿನಿಯರಿಗೆ ಹೆಮ್ಮೆಯ ವಿಷಯ.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಲುಕಿ, ಚೀನಾ ಚಕ್ರವರ್ತಿಗೆ ಒಯ್ಯುತ್ತಿದ್ದ ಉಡುಗೊರೆಗಳ ಹಡಗು ಒಡೆಯಿತು. ಬರಿಗೈಯಲ್ಲಿ ದೆಹಲಿಗೆ ಮರಳಿದರೆ ಸುಲ್ತಾನರ ಕೋಪಕ್ಕೆ ಗುರಿಯಾಗಬೇಕಿತ್ತು. ಆದ್ದರಿಂದ ಹೊನ್ನಾವರದಲ್ಲಿ ಕೆಲಕಾಲ ತಂಗಿ, ಬಳಿಕ ಮಾಲ್ಡೀವ್ಸ್‌ಗೆ ಹೋಗಿ ಅಲ್ಲಿ ಖಾಝಿಯಾದರು. ನಂತರ ಸಿಂಹಳ, ಬಂಗಾಳ, ಸುಮಾತ್ರಾ ಮಾರ್ಗವಾಗಿ ಚೀನಾಕ್ಕೆ ಹೋದರೆಂದು ಅವರ ಗ್ರಂಥ ಹೇಳುತ್ತದೆ.

ಈ ಆಯ್ಕೆಗಳಿಗೆ ಅವರು ತೆತ್ತ ಬೆಲೆಯೂ ದೊಡ್ಡದು. ತಂದೆ ತೀರಿಕೊಂಡು 15 ವರ್ಷಗಳಾದ ಮೇಲೆ ಡಮಾಸ್ಕಸ್‌ನಲ್ಲಿ ಆ ಸುದ್ದಿ ಕಿವಿಗೆ ಬಿತ್ತು. 1349ರಲ್ಲಿ ಊರು ಸಮೀಪಿಸುವಾಗ, ತಾಯಿ ಪ್ಲೇಗಿಗೆ ಬಲಿಯಾದದ್ದು ತಿಳಿಯಿತು. ಬಳಿಕ ಅವರು ತಾಯಿಯ ಕಬರಿನ ಬಳಿಗೆ ಹೋದರು.

ಮುಂದೆ ಸ್ಪೇನ್‌ನ ಗ್ರನಾಡಾ ಮತ್ತು ಆಫ್ರಿಕಾದ ಮಾಲಿಯನ್ನೂ ಕಂಡು ಬಂದರು. ಮೊರಾಕ್ಕೊದ ಸುಲ್ತಾನರ ಆಜ್ಞೆಯಂತೆ ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ತಮ್ಮ ಅನುಭವಗಳನ್ನು ಹೇಳಿ ಬರೆಸಿದರು. 1355ರಲ್ಲಿ ಮುಗಿದ ಈ ಗ್ರಂಥ 'ರಿಹ್ಲಾ' ಎಂದು ಪ್ರಸಿದ್ಧ.

ವಿದ್ಯಾರ್ಥಿಗಳೇ, ಊರೂರು ಅಲೆದ ಇಬ್ನ್ ಬತೂತರಿಗೆ ಎಲ್ಲೆಡೆ ಅನ್ನ ಮತ್ತು ಗೌರವ ತಂದುಕೊಟ್ಟದ್ದು ಅವರು ಕಲಿತ ವಿದ್ಯೆ. ನೀವು ದೂರದ ಊರಿಗೆ ಹೊರಡುವಾಗಲೂ ಆ ಬುತ್ತಿ ನಿಮ್ಮ ಜೊತೆಗಿರಲಿ. ಮನೆಯಲ್ಲಿ ಕಾಯುವ ತಂದೆ ತಾಯಿಯ ನೆನಪೂ ಇರಲಿ.